ಹೊಳೆಗೆ ಇಳಿಯುವ ದಾರಿ

ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಕಡಿಮೆ. ಇಲ್ಲಿಯ ಜನ ಹೊಳೆಯನ್ನು ನೀರಿನಿಂದ ಗುರುತಿಸುವುದಕ್ಕಿಂತ ಮರಳಿನಿಂದ ಗುರುತಿಸುವುದೇ ಹೆಚ್ಚು. ಬೇಸಗೆಯಲ್ಲಿ ವೇದಾವತಿಯ ಪಾತ್ರದೊಳಗೆ ದನಕರುಗಳು ನಿರಾತಂಕವಾಗಿ ನಡೆದುಹೋಗುತ್ತವೆ. ಮರಳಿನಲ್ಲಿ ಒರತೆ ತೋಡಿ ಕೊಡ ತುಂಬಿಕೊಂಡ ದಿನಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಇಂತಹ ಸೀಮೆಯಲ್ಲಿ ದೋಣಿ, ಹುಟ್ಟು, ಅಂಬಿಗ ಎಂಬ ಮಾತುಗಳಿಗೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು.

2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು ತುಂಬಿ ಕೋಡಿ ಹರಿಯಿತು. ಅದಕ್ಕೆ ಮುಂಚೆ ಅದು ಕೋಡಿ ಹರಿದದ್ದು 1933ರಲ್ಲಿ. ನಡುವೆ ಕಳೆದದ್ದು 89 ವರ್ಷ. ಮೊದಲನೆಯ ಕೋಡಿಯನ್ನು ತಾಯಿಯ ಕಂಕುಳಲ್ಲಿ ಕುಳಿತು ಕಂಡ ಮಗು ಎರಡನೆಯದನ್ನು ಕಾಣಬೇಕಾದರೆ ತೊಂಬತ್ತರ ಅಂಚಿನವರೆಗೆ ಬದುಕಿರಬೇಕಾಗಿತ್ತು. ಬಳಿಕ 2025ರ ಜನವರಿಯಲ್ಲಿ ಮೂರನೆಯ ಸಲ ಕೋಡಿ ಬಿತ್ತು. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗಗಳಿಂದ ಜನ ಬಂಧುಬಳಗದೊಡನೆ ಬಂದು ನೀರನ್ನು ಕಣ್ತುಂಬ ನೋಡಿದರು. ಬರಗಾಲವನ್ನು ಉಂಡವರಿಗೆ ತುಂಬಿದ ನೀರು ದೇವರ ದರ್ಶನಕ್ಕೆ ಸಮಾನ.

ಆದರೆ ನೋಡುವುದು ಬೇರೆ, ಇಳಿಯುವುದು ಬೇರೆ. ತುಂಬಿದ ಜಲಾಶಯದಲ್ಲಾಗಲಿ ಹರಿಯುವ ಹೊಳೆಯಲ್ಲಾಗಲಿ ಒಬ್ಬನು ತನ್ನ ಹರಿಗೋಲನ್ನು ಇಳಿಸಬಹುದೇ? ಇಳಿಸಬಹುದಾದರೆ ಯಾವ ದಾರಿಯಿಂದ? ಯಾರ ಅಪ್ಪಣೆಯಿಂದ? ಮೇಲುನೋಟಕ್ಕೆ ಸಣ್ಣದಾಗಿ ಕಾಣುವ ಈ ಪ್ರಶ್ನೆಗಳು ಜಗತ್ತಿನ ಹಲವು ನದಿಗಳ ದಡದಲ್ಲಿ ಕೇಳಿಬಂದಿವೆ. ನ್ಯಾಯಾಲಯಗಳ ಮೆಟ್ಟಿಲನ್ನೂ ಹತ್ತಿವೆ.

ವೇದಾವತಿಯ ಹುಟ್ಟು ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್ ಗಿರಿಶ್ರೇಣಿಯಲ್ಲಿ. ಅಲ್ಲಿಂದ ಇಳಿದ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು, ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ಹಾದು, ಕಡೂರಿನ ಸಮೀಪದಲ್ಲಿ ಒಂದಾಗುತ್ತವೆ. ಕೂಡಿದ ಹೊಳೆ ಹೊಸದುರ್ಗ ತಾಲ್ಲೂಕನ್ನು ಹೊಕ್ಕು ಈಶಾನ್ಯಕ್ಕೆ ಹರಿದು, ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಮಾರಿಕಣಿವೆಯನ್ನು ಸೇರುತ್ತದೆ. ಆ ಕಣಿವೆಗೆ ಕಟ್ಟಿದ ಕಲ್ಲಿನ ಅಣೆಕಟ್ಟೇ ವಾಣಿವಿಲಾಸ ಸಾಗರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಆರಂಭಿಸಿದ ಈ ಕೆಲಸ 1907ರಲ್ಲಿ ಮುಗಿಯಿತು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ, 1895ರಿಂದ 1902ರವರೆಗೆ ರಾಜ್ಯವನ್ನು ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂದಿತು. ಜಲಾಶಯದ ಪೂರ್ಣಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ., ಎಂದರೆ ಮೂರು ಸಾವಿರ ಕೋಟಿ ಘನ ಅಡಿ. ಕೋಡಿಗೆ ಬಾಗಿಲುಗಳಿಲ್ಲ. ಹೆಚ್ಚಿನ ನೀರು ಯಾರ ಕೈಯನ್ನೂ ಕಾಯದೆ ತಾನಾಗಿಯೇ ಹೊರಗೆ ಬೀಳುತ್ತದೆ. ಮುಂದೆ ಹಿರಿಯೂರು ಪಟ್ಟಣವನ್ನು ಹಾದು, ಕೂಡಲಹಳ್ಳಿಯಲ್ಲಿ ಸುವರ್ಣಮುಖಿಯನ್ನು ಕೂಡಿಕೊಂಡು, ಚಳ್ಳಕೆರೆಯ ಕಡೆಗೆ ಸಾಗುವ ಈ ಹೊಳೆ ಆಂಧ್ರದ ಅನಂತಪುರ ಸೀಮೆಯನ್ನು ಸುತ್ತಿ, ಹಗರಿ ಎಂಬ ಹೆಸರಿನಿಂದ ಬಳ್ಳಾರಿ ಪ್ರದೇಶದಲ್ಲಿ ಹರಿದು ತುಂಗಭದ್ರೆಯನ್ನು ಸೇರುತ್ತದೆ.

ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಇಂತಹ ಹೊಳೆಗಳನ್ನು ಜನರು ಹೇಗೆ ದಾಟುತ್ತಿದ್ದರು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅದನ್ನು ಬರೆದಿಟ್ಟಿದ್ದಾನೆ. ಆನೆಗೊಂದಿಗೆ ಹೋಗುವವರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಹೊಳೆ ದಾಟುತ್ತಾರೆ. ಅವುಗಳ ಒಳಭಾಗ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ. ಆವಶ್ಯಕತೆ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ. ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವರ್ಣನೆಯ ಸಾರ. ಈ ರಾಜ್ಯದ ಹೊಳೆಗಳಲ್ಲೆಲ್ಲ ಇದರ ಹೊರತು ಬೇರೆ ದೋಣಿಯೇ ಇಲ್ಲವೆಂದೂ ಅವನು ಸೇರಿಸಿದ್ದಾನೆ. ಅವನು ಕಂಡದ್ದು ಹರಿಗೋಲು. ಆ ವಿದೇಶೀಯನ ಕಣ್ಣಿಗೆ ಅದು ವಿಚಿತ್ರವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ದಖನ್ನಿನ ಹೊಳೆಗಳಿಗೆ ಹರಿಗೋಲಿಗಿಂತ ತಕ್ಕ ದೋಣಿಯನ್ನು ಕಲ್ಪಿಸುವುದು ಕಷ್ಟ. ಈ ಹೊಳೆಗಳಲ್ಲಿ ವರ್ಷದ ಕೆಲವೇ ತಿಂಗಳು ನೀರು. ನೀರಿದ್ದಾಗಲೂ ಅಡಿಗಡಿಗೆ ಬಂಡೆ. ಉದ್ದನೆಯ ಅಡಿಮರವುಳ್ಳ ದೋಣಿ ಇಲ್ಲಿ ಬಂಡೆಗೆ ತಗುಲಿ ಒಡೆದೀತು. ಬಿದಿರಿನ ಸೀಳುಗಳನ್ನು ಹೆಣೆದು ಕಟ್ಟಿದ ಹರಿಗೋಲಿನ ತಳ ಚಪ್ಪಟೆ. ಗೇಣು ನೀರಿದ್ದರೂ ಅದು ತೇಲುತ್ತದೆ. ಬಂಡೆಗೆ ಬಡಿದರೆ ಬಾಗಿ ಜಾರಿಕೊಳ್ಳುತ್ತದೆ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅದನ್ನು ನಡೆಸುವ ವಿದ್ಯೆ ಮಾತ್ರ ಬದಲಾಗಿಲ್ಲ. ಅಂಬಿಗನು ಮುಂಭಾಗದಲ್ಲಿದ್ದುಕೊಂಡು ಹುಟ್ಟಿನಿಂದ ನೀರನ್ನು ತನ್ನತ್ತ ಸೆಳೆಯುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ತಾಳ ತಪ್ಪಿದರೆ ಹರಿಗೋಲು ಬುಗುರಿಯಾಗುತ್ತದೆ. ಸೆಳವಿಗೆ ಎದುರು ನಿಂತು ಗೆಲ್ಲಲು ಅವನು ಹೋಗುವುದಿಲ್ಲ. ಸೆಳವು ಎಷ್ಟು ದೂರ ಒಯ್ಯುತ್ತದೆಂಬುದನ್ನು ಮೊದಲೇ ಅಳೆದು, ಅಷ್ಟೇ ದೂರ ಮೇಲ್ಗಡೆಯಿಂದ ಹೊರಟು, ಓರೆಯಾಗಿ ದಾಟಿ, ಬೇಕಾದ ಕಡೆಗೇ ದಡ ಹತ್ತುತ್ತಾನೆ. ಆಮೇಲೆ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ಮತ್ತೆ ಮೇಲ್ಗಡೆಗೆ ನಡೆದುಹೋಗುತ್ತಾನೆ. ಎಲ್ಲಿ ಮಡು, ಎಲ್ಲಿ ಸುಳಿ, ನೀರಿನ ಬಣ್ಣ ಕೆಂಪಗಾದರೆ ಎಷ್ಟು ಹೊತ್ತಿನಲ್ಲಿ ಪ್ರವಾಹ ಬಂದೀತು ಎಂಬುದೆಲ್ಲ ಅವನಿಗೆ ಕರತಲಾಮಲಕ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯನೂ ಒಬ್ಬನಾಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಹುಟ್ಟು ಹಿಡಿದ ಕೈಗೂ ನಮ್ಮ ಸಾಹಿತ್ಯಕ್ಕೂ ಇರುವ ನಂಟು ಹಳೆಯದು.

ಕಾಲ ಕಳೆದಂತೆ ಸೇತುವೆಗಳಾದವು, ಅಣೆಕಟ್ಟುಗಳಾದವು. ಹೊಳೆ ದಾಟುವ ಕಷ್ಟ ತಪ್ಪಿತು. ಬರಗಾಲದ ನಾಡಿಗೆ ನಾಲೆಯ ನೀರು ಬಂದಿತು. ಇವು ಸಣ್ಣ ಉಪಕಾರಗಳಲ್ಲ. ಜೊತೆಯಲ್ಲಿಯೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಹೊಳೆಯು ಊರವರ ಬಳಕೆಯಿಂದ ಇಲಾಖೆಗಳ ಆಡಳಿತಕ್ಕೆ ಸರಿಯಿತು. ಅಣೆಕಟ್ಟು ನೀರಾವರಿ ಇಲಾಖೆಯದು. ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ದಡದಲ್ಲಿ ಕಾಡಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಉಳಿದ ದಡವೆಲ್ಲ ತೋಟ ಹೊಲಗಳ ಬೇಲಿಯ ಒಳಗೆ ಸೇರಿತು. ಹೊಳೆಗೆ ಇಳಿಯುವ ದಾರಿಯನ್ನು ಯಾರೂ ಒಂದೇ ದಿನ ಮುಚ್ಚಲಿಲ್ಲ. ಅದು ಬರಬರುತ್ತ ಕಿರಿದಾಯಿತು, ಅಷ್ಟೆ.

ನಿರ್ಬಂಧಗಳಿಗೆ ಕಾರಣಗಳಿಲ್ಲವೆಂದಲ್ಲ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಬಂಡೆಗಳ ಮೇಲೆ ಹೈದರಾಬಾದಿನ ವಿದ್ಯಾರ್ಥಿಗಳು ನಿಂತಿದ್ದಾಗ, ಮೇಲ್ಗಡೆಯ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಕ್ಷಣಮಾತ್ರದಲ್ಲಿ ಏರಿ 24 ಮಂದಿಯನ್ನು ಕೊಚ್ಚಿಕೊಂಡು ಹೋಯಿತು. ಅಣೆಕಟ್ಟಿನ ಕೆಳಗಿನ ಹೊಳೆ ಸಹಜವಾದ ಹೊಳೆಯಲ್ಲ. ಆಕಾಶ ತಿಳಿಯಾಗಿದ್ದರೂ ಅಲ್ಲಿ ಪ್ರವಾಹ ಬರಬಹುದು. ಅಂಬಿಗನು ಕಲಿತ ಲಕ್ಷಣಗಳೊಂದೂ ಅಲ್ಲಿ ನೆರವಾಗಲಾರವು. ಮರಳು ತೆಗೆದ ಗುಂಡಿಗಳು ಈಜಲು ಇಳಿದ ಬಾಲಕರಿಗೆ ಮೃತ್ಯುಕೂಪಗಳಾಗುವುದೂ ಉಂಟು. ಕಾವೇರಿಯಲ್ಲಿ ನೀರಿನ ಹರಿವು ಏರಿದಾಗ ಹೊಗೇನಕಲ್ಲಿನಲ್ಲಿ ಹರಿಗೋಲುಗಳನ್ನು ನಿಲ್ಲಿಸುತ್ತಾರೆ. ಅದನ್ನು ಅಲ್ಲಿಯ ಅಂಬಿಗರೂ ಬಲ್ಲರು. ಹರಿವು ಇಳಿದ ಮೇಲೆ ಹರಿಗೋಲುಗಳು ಮತ್ತೆ ನೀರಿಗೆ ಇಳಿಯುತ್ತವೆ. ಅಲ್ಲಿ ತಡೆಗೂ ಒಂದು ಅಳತೆಯಿದೆ, ತೆರವಿಗೂ ಒಂದು ಅಳತೆಯಿದೆ.

ಅಳತೆಯೂ ಅವಧಿಯೂ ಇಲ್ಲದ ತಡೆಯೇ ದೋಣಿಗಾರರನ್ನು ಚಿಂತೆಗೀಡುಮಾಡುವುದು. ಅದರ ಪ್ರಸಿದ್ಧ ಉದಾಹರಣೆ ಅಮೆರಿಕದ ಚಟೂಗ ನದಿ. ಉತ್ತರ ಕೆರೊಲಿನದ ಬೆಟ್ಟಗಳಲ್ಲಿ ಹುಟ್ಟಿ, ಜಾರ್ಜಿಯ ಮತ್ತು ದಕ್ಷಿಣ ಕೆರೊಲಿನ ರಾಜ್ಯಗಳ ಗಡಿಯಾಗಿ ಹರಿಯುವ ಈ ನದಿಗೆ ಅಣೆಕಟ್ಟುಗಳ ತೊಡಕಿಲ್ಲದ ದೀರ್ಘವಾದ ಕಾಡುಪಾತ್ರವುಂಟು. ಕಾಡುನದಿಗಳನ್ನು ಇದ್ದಂತೆಯೇ ಉಳಿಸಿಕೊಳ್ಳಲು ಆ ದೇಶವು 1968ರಲ್ಲಿ ಒಂದು ಕಾನೂನನ್ನು ಮಾಡಿತು. 1974ರಲ್ಲಿ ಚಟೂಗವು ಅದರ ರಕ್ಷಣೆಗೆ ಒಳಪಟ್ಟಿತು. ಎರಡೇ ವರ್ಷಗಳಲ್ಲಿ, 1976ರಲ್ಲಿ, ಅರಣ್ಯ ಸೇವೆಯು ನದಿಯ ಮೇಲ್ಭಾಗದ 21 ಮೈಲಿಗಳಲ್ಲಿ ದೋಣಿಗಳನ್ನು ನಿಷೇಧಿಸಿತು. ಗಾಳ ಹಾಕುವವರು ಹೋಗಬಹುದು, ಕಾಲ್ನಡಿಗೆಯವರು ಹೋಗಬಹುದು, ಈಜುವವರು ಹೋಗಬಹುದು. ಹುಟ್ಟು ಹಿಡಿದವನು ಮಾತ್ರ ಹೋಗಕೂಡದು. ಗಾಳ ಹಾಕುವವರ ಏಕಾಂತಕ್ಕೆ ಭಂಗ ಬಾರದಿರಲೆಂಬುದು ಈ ನಿಷೇಧದ ಉದ್ದೇಶ. ಏಕಾಂತವು ಬೆಲೆಯುಳ್ಳದ್ದೇ. ಆದರೆ ಒಬ್ಬನ ಏಕಾಂತಕ್ಕಾಗಿ ಇನ್ನೊಬ್ಬನನ್ನು ನದಿಯಿಂದಲೇ ದೂರವಿಡಬೇಕೆ ಎಂದು ದೋಣಿಗಾರರು ಕೇಳಿದರು. ಕಯಾಕ್ ಎಂಬ ಕಿರುದೋಣಿ ಹೊಗೆಯುಗುಳುವುದಿಲ್ಲ, ಸದ್ದು ಮಾಡುವುದಿಲ್ಲ, ನೀರಿನ ಮೇಲೆ ಗುರುತನ್ನೂ ಉಳಿಸುವುದಿಲ್ಲವೆಂಬುದು ಅವರ ವಾದ. ಅವರು ಮೇಲ್ಮನವಿ ಸಲ್ಲಿಸಿದಾಗ, ನಿಷೇಧಕ್ಕೆ ಸಾಕಷ್ಟು ಆಧಾರವನ್ನು ತೋರಿಸಿಲ್ಲವೆಂದು 2005ರಲ್ಲಿ ಅರಣ್ಯ ಸೇವೆಯ ವರಿಷ್ಠ ಕಚೇರಿಯೇ ಒಪ್ಪಿ, ಅಧ್ಯಯನಕ್ಕೆ ಆಜ್ಞೆಮಾಡಿತು. ಅಧ್ಯಯನ ಮುಗಿದು 2012ರಲ್ಲಿ ಹೊಸ ನಿಯಮ ಬಂದಿತು: ಮೇಲ್ಭಾಗದ ಹೆಚ್ಚಿನ ಪಾಲಿನಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ನೀರು ಸೆಕೆಂಡಿಗೆ 350 ಘನ ಅಡಿಗಿಂತ ಕಡಿಮೆಯಿಲ್ಲದಂತೆ ಹರಿಯುವ ದಿನಗಳಲ್ಲಿ, ಹಗಲು ಹೊತ್ತು ದೋಣಿ ನಡೆಸಬಹುದು. ನೀರು ಅಷ್ಟು ಬಲವಾಗಿ ಹರಿಯುವಾಗ ಗಾಳ ಹಾಕುವುದು ಕಷ್ಟ. ನೀರು ತೆಳುವಾದಾಗ ದೋಣಿ ನಡೆಸುವುದು ಕಷ್ಟ. ಇಬ್ಬರ ಜಗಳವನ್ನು ನದಿಯ ಹರಿವೇ ಬಿಡಿಸಿದಂತಾಯಿತು. ಇದೂ ಸಾಲದೆಂದು ದೋಣಿಗಾರರು ನ್ಯಾಯಾಲಯಕ್ಕೆ ಹೋದರು. 2014ರಲ್ಲಿ ಮೇಲ್ಮನವಿ ನ್ಯಾಯಾಲಯವು ಹೊಸ ನಿಯಮವನ್ನೇ ಎತ್ತಿಹಿಡಿಯಿತು. ಅವರಿಗೆ ಪೂರ್ಣ ಜಯ ದೊರೆಯಲಿಲ್ಲ. ಆದರೂ ಮೂವತ್ತಾರು ವರ್ಷ ಮುಚ್ಚಿದ್ದ ದಾರಿ ಅಷ್ಟಾದರೂ ತೆರೆಯಿತು.

ಸ್ಕಾಟ್ಲೆಂಡ್ ಇನ್ನೊಂದು ಹಾದಿಯನ್ನು ಹಿಡಿಯಿತು. 2003ರಲ್ಲಿ ಅದು ಮಾಡಿಕೊಂಡ ಭೂಸುಧಾರಣಾ ಕಾನೂನು ನೆಲದಂತೆಯೇ ಒಳನಾಡಿನ ನೀರಿನ ಮೇಲೂ ಎಲ್ಲರೂ ಸಂಚರಿಸಬಹುದೆಂದು ಸಾರಿತು. ಹೊಣೆಯರಿತು ನಡೆಯಬೇಕೆಂಬುದೊಂದೇ ಅದರ ಷರತ್ತು.

ಹಾಗಾದರೆ ಹೊಳೆ ಯಾರದು? ಈ ಪ್ರಶ್ನೆ ರೋಮನರ ಕಾಲದಷ್ಟು ಹಳೆಯದು. ಕ್ರಿ.ಶ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ನನು ಹೊರಡಿಸಿದ ನ್ಯಾಯಗ್ರಂಥದಲ್ಲಿ ಗಾಳಿ, ಹರಿಯುವ ನೀರು, ಸಮುದ್ರಗಳು ಸರ್ವರಿಗೂ ಸೇರಿದವೆಂದು ಹೇಳಿದೆ. ಅದರಲ್ಲಿ ಸೂಕ್ಷ್ಮವಾದ ಇನ್ನೊಂದು ಮಾತಿದೆ. ದಡದ ನೆಲ ಅದರ ಒಡೆಯನದೇ ಆದರೂ ದಡದ ಬಳಕೆ ಎಲ್ಲರದು. ಯಾರು ಬೇಕಾದರೂ ದೋಣಿಯನ್ನು ದಡಕ್ಕೆ ತಂದು, ಅಲ್ಲಿಯ ಮರಕ್ಕೆ ಹಗ್ಗ ಬಿಗಿದು, ಸರಕನ್ನು ಇಳಿಸಬಹುದು. ನೀರು ಎಲ್ಲರದೆಂದು ಹೇಳಿ ದಡಕ್ಕೆ ಬೇಲಿ ಹಾಕಿದರೆ ಆ ಮಾತು ಪೊಳ್ಳಾಗುತ್ತದೆಂಬುದನ್ನು ಆ ನ್ಯಾಯವೇತ್ತರು ಚೆನ್ನಾಗಿ ಅರಿತಿದ್ದರು.

ಭಾರತದಲ್ಲಿ 1882ರ ಕಾನೂನೊಂದು, ಸಹಜ ಪಾತ್ರದಲ್ಲಿ ಹರಿಯುವ ನದಿತೊರೆಗಳ ನೀರನ್ನು ಕೂಡಿಡುವ ಹಾಗೂ ಹಂಚುವ ವಿಷಯದಲ್ಲಿ ಸರ್ಕಾರಕ್ಕಿರುವ ಹಕ್ಕನ್ನು ಎತ್ತಿಹಿಡಿದಿದೆ. ಆದರೆ ಆ ಹಕ್ಕಿನ ಸ್ವರೂಪವೇನು? 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿತು. ಒಂದು ವಸತಿಗೃಹವನ್ನು ಉಳಿಸಿಕೊಳ್ಳುವುದಕ್ಕಾಗಿ ಬಿಯಾಸ್ ನದಿಯ ಹರಿವನ್ನೇ ಯಂತ್ರಗಳಿಂದ ತಿರುಗಿಸಿದ್ದ ಪ್ರಕರಣವದು. ಮುಂದೆ ವಿದ್ಯಾರ್ಥಿಗಳನ್ನು ಬಲಿತೆಗೆದುಕೊಂಡ ನದಿಯೂ ಅದೇ ಎಂಬುದು ಗಮನಾರ್ಹ. ನದಿ, ಕಾಡು, ಗಾಳಿ, ಕಡಲುಗಳಿಗೆ ಸರ್ಕಾರವು ಒಡೆಯನಲ್ಲ, ಜನತೆಯ ಪರವಾಗಿ ಅವನ್ನು ಕಾಯುವ ಧರ್ಮದರ್ಶಿ ಎಂದು ನ್ಯಾಯಾಲಯ ತೀರ್ಪಿತ್ತಿತು. ಈ ತತ್ತ್ವದ ಮೂಲವನ್ನು ಹುಡುಕುತ್ತ ಅದು ರೋಮನರ ನ್ಯಾಯಶಾಸ್ತ್ರವನ್ನೂ ಸ್ಮರಿಸಿತು. ಧರ್ಮದರ್ಶಿಯು ದೇವಾಲಯದ ಬಾಗಿಲನ್ನು ರಾತ್ರಿ ಮುಚ್ಚಬಹುದು. ಬೀಗದ ಕೈಯನ್ನು ಬಾವಿಗೆ ಎಸೆಯುವಂತಿಲ್ಲ.

ಈ ದೇಶದಲ್ಲಿ ನೀರಿನ ದಾರಿಯ ಪ್ರಶ್ನೆಗೆ ಇನ್ನೂ ಆಳವಾದ ನೋವೊಂದು ಹೊಂದಿಕೊಂಡಿದೆ. ಅಸ್ಪೃಶ್ಯರೆನಿಸಿಕೊಂಡವರಿಗೆ ಕೆರೆಬಾವಿಗಳ ಮೆಟ್ಟಿಲು ಶತಮಾನಗಳ ಕಾಲ ನಿಷಿದ್ಧವಾಗಿತ್ತು. ಮುಂಬಯಿ ಪ್ರಾಂತದ ಶಾಸನಸಭೆ 1923ರಲ್ಲಿ ನಿರ್ಣಯ ಮಾಡಿ, ಮಹಾಡ್ ಪಟ್ಟಣದ ಪುರಸಭೆ ಮರುವರ್ಷ ತನ್ನ ಚೌದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದರೂ, ಆ ತೆರವು ಕಾಗದದಿಂದ ಕೆಳಗಿಳಿಯಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಮುಂದೆ ಸಂವಿಧಾನದ ಹದಿನೈದನೆಯ ಅನುಚ್ಛೇದದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಗೆ ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂಬ ಮಾತು ಸೇರಿತು. ವಿಹಾರಕ್ಕಾಗಿ ದೋಣಿ ನಡೆಸುವವರ ಕೊರತೆಯನ್ನು ಆ ನೋವಿನೊಡನೆ ತೂಗುವುದು ಸಲ್ಲದು. ಆದರೆ ಕಾಗದದ ಮೇಲೆ ತೆರೆದಿರುವ ನೀರು ಕಾಲಿಗೆ ಸಿಕ್ಕದೆ ಹೋಗಬಹುದೆಂಬುದನ್ನು ಮಹಾಡ್ ತೋರಿಸಿಕೊಟ್ಟಿತು.

ಕರ್ನಾಟಕದಲ್ಲಿ ಈ ಪ್ರಶ್ನೆ ನಾನಾ ರೂಪಗಳಲ್ಲಿ ಬಂದಿದೆ. ಭೀಮೇಶ್ವರಿ, ಗಾಲಿಬೋರೆಗಳ ಬಳಿ ಕಾವೇರಿಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕಿ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವ ಶಿಬಿರಗಳು ಬಹುಕಾಲ ನಡೆದವು. ಅಲ್ಲಿ ಹರಿಗೋಲು ನಡೆಸಿ ದಾರಿ ತೋರುತ್ತಿದ್ದವರು ಸುತ್ತಲಿನ ಹಳ್ಳಿಗರು. ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ವನ್ಯಜೀವಿ ಕಾನೂನಿನ ಕಾರಣದಿಂದ 2010ರ ಸುಮಾರಿಗೆ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಅಭಯಾರಣ್ಯದಲ್ಲಿ ಎಲ್ಲ ಜೀವಿಗಳಿಗೂ ಒಂದೇ ನ್ಯಾಯ ಸಲ್ಲಬೇಕೆಂಬುದು ಒಂದು ಪಕ್ಷ. ದಿನವೂ ಹೊಳೆಯ ಮೇಲಿರುತ್ತಿದ್ದ ಕಣ್ಣುಗಳು ಇಲ್ಲವಾದರೆ ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ನೋಡುವವರಾರು ಎಂಬುದು ಇನ್ನೊಂದು ಪಕ್ಷ. ಎರಡನೆಯ ಮಾತನ್ನು ಸ್ವಾರ್ಥದ ಮಾತೆಂದು ತಳ್ಳಿಹಾಕುವುದು ಸುಲಭ. ಅದರಲ್ಲಿರುವ ಸತ್ಯವನ್ನು ತಳ್ಳಿಹಾಕುವುದು ಸುಲಭವಲ್ಲ.

ಹಂಪಿಯ ಕಥೆ ಬೇರೆ. ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆಯ ಕೆಲಸ ಸ್ಮಾರಕಗಳ ರಕ್ಷಣೆಯ ಪ್ರಶ್ನೆಯಿಂದ ವರ್ಷಗಟ್ಟಲೆ ನಿಂತಿತ್ತು. ಮತ್ತೆ ಕೈಗೆತ್ತಿಕೊಂಡಾಗ, 2009ರ ಜನವರಿಯಲ್ಲಿ, ಅದು ಕುಸಿದು ಕಾರ್ಮಿಕರು ಅಸುನೀಗಿದರು. ಪಯಸ್ ಕಂಡ ಆ ದುಂಡು ಬುಟ್ಟಿ ಅಲ್ಲಿ ಇಪ್ಪತ್ತೊಂದನೆಯ ಶತಮಾನಕ್ಕೂ ಉಳಿದುಬಂದದ್ದು ಹೀಗೆ. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಕಾಳಿಯ ನೊರೆನೀರಿನಲ್ಲಿ ರಬ್ಬರಿನ ತೆಪ್ಪಗಳು ಇಳಿಯುತ್ತವೆ. ಅಲ್ಲಿ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ, ಬಿಡದಿದ್ದರೆ ಬಂಡೆ. ಕೊಡಗಿನ ಬರಪೊಳೆಯಲ್ಲಿ ಮಳೆಗಾಲ ಮುಗಿದರೆ ಆಟವೂ ಮುಗಿಯಿತು.

ವೇದಾವತಿಯ ಮಾತಿಗೆ ಮರಳಿದರೆ, ಇಲ್ಲಿ ನೀರಿನ ಸ್ಥಿತಿಯೇ ಬದಲಾಗುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗವನ್ನು ದಾಟಿ, 2019ರಿಂದ ವೇದಾವತಿಯ ಪಾತ್ರದಲ್ಲಿಯೇ ಹರಿದು ವಾಣಿವಿಲಾಸ ಸಾಗರವನ್ನು ಸೇರಲಾರಂಭಿಸಿತು. ಹೊಸದುರ್ಗದವರು ಮರಳಾಗಿ ಕಂಡಿದ್ದ ಹೊಳೆಯಲ್ಲಿ ಮಳೆಯಿಲ್ಲದ ತಿಂಗಳಲ್ಲೂ ನೀರು ಕಾಣಿಸಿತು. ಜಲಾಶಯ ತುಂಬಿದಾಗ ಹಿನ್ನೀರು ಅದೇ ತಾಲ್ಲೂಕಿನ ಜಮೀನುಗಳತ್ತ ಹರಡಿತು. ಈ ನೀರಿನ ಮೇಲೆ ಮೊದಲ ಹಕ್ಕು ಕುಡಿಯುವವರದು, ಬಳಿಕ ಬೆಳೆ ಬೆಳೆಯುವವರದು ಎಂಬುದರಲ್ಲಿ ವಿವಾದವಿಲ್ಲ. ಚಿತ್ರದುರ್ಗ, ಹಿರಿಯೂರುಗಳ ನಲ್ಲಿಗಳಿಗೂ ಇದೇ ನೀರು. ಅಣೆಕಟ್ಟಿನ ಗೋಡೆ, ತೂಬು, ಕೋಡಿಗಳ ಹತ್ತಿರಕ್ಕೆ ಯಾರೂ ದೋಣಿ ತರಬಾರದೆಂಬುದೂ ನ್ಯಾಯವೇ. 2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮವು ಅಣೆಕಟ್ಟಿನ ಕೆಳಗಿರುವ ಜನರಿಗೆ ಮುನ್ನೆಚ್ಚರಿಕೆ ಕೊಡುವ ಹೊಣೆಯನ್ನೂ ಹೊರಿಸಿದೆ.

ಆದರೆ ಹರಿಗೋಲು ನೀರನ್ನು ಕುಡಿಯುವುದಿಲ್ಲ. ಅದರ ಮೇಲೆ ತೇಲುತ್ತದೆ. ಅದು ದಾಟಿಹೋದ ಮೇಲೆ ರೈತನ ಪಾಲಿನಲ್ಲಿ ಒಂದು ಬೊಗಸೆಯೂ ಕಡಿಮೆಯಾಗುವುದಿಲ್ಲ. ಹಾಗಿರುವಾಗ ಗೋಡೆಯಿಂದ ಎಷ್ಟು ದೂರದವರೆಗೆ ತಡೆ, ಎಷ್ಟು ಹರಿವಿನವರೆಗೆ ಅನುಮತಿ, ಊರೂರಿನ ದಡದಲ್ಲಿ ಯಾವುದು ಸಾರ್ವಜನಿಕ ದಾರಿ ಎಂಬುದನ್ನು ಅಳೆದು ಬರೆದಿಟ್ಟ ಫಲಕವೊಂದು ಹೊಳೆಯ ಬದಿಯಲ್ಲಿದ್ದರೆ, ಕಾವಲುಗಾರನಿಗೂ ಅಂಬಿಗನಿಗೂ ವಾಗ್ವಾದ ತಪ್ಪುತ್ತದೆ. ನೀರಿನ ಸಾಹಸಕ್ರೀಡೆಗಳನ್ನು ಕಲಿಸಲು ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಿದೆ. ತೇಲುಕವಚ ತೊಡುವುದನ್ನೂ ಮುಳುಗುವವನನ್ನು ಎಳೆದು ತರುವುದನ್ನೂ ಕಲಿಸುವವರಿದ್ದಾರೆ. ಬಿದಿರು ಸೀಳಿ ಹರಿಗೋಲು ಹೆಣೆಯುವ ಕೈಗಳು ಮಾತ್ರ ವಿರಳವಾಗುತ್ತಿವೆ. ಹುಟ್ಟಿನ ಎಡಬಲದ ತಾಳವನ್ನು ಪುಸ್ತಕದಿಂದ ಕಲಿಯಲಾಗದು. ಅದಕ್ಕೆ ನೀರಿಗೇ ಇಳಿಯಬೇಕು.